ಆಮೆ ವಾಲಿಕೊಂಡು ತೇಲುತ್ತಿದೆ, ನಾಳೆವರೆಗೆ ಏನು ಮಾಡಲಿ?

ಡೊಂಬಿವಲಿಯಿಂದ:
ನಮ್ಮ ಕೆಂಪುಕಿವಿ ಆಮೆ ಒಂದೇ ಕಡೆ ವಾಲಿಕೊಂಡು ತೇಲುತ್ತಿದೆ. ಮೂಗಲ್ಲಿ ಗುಳ್ಳೆ, ಕಣ್ಣು ಊದಿದೆ. ಒಣ ಸೀಗಡಿ ಹಾಕಿದರೆ ಮೂಸಿಯೂ ನೋಡುತ್ತಿಲ್ಲ. ಡಾಕ್ಟರು ಸಿಗುವುದು ನಾಳೆ. ಅಲ್ಲಿವರೆಗೆ?

ಪುಣೆಯಿಂದ:
ನ್ಯುಮೋನಿಯಾ ಇರಬಹುದು, ನಾಳೆ ತಪ್ಪಿಸಬೇಡಿ. ಮೊದಲು ಆಳದ ನೀರಿನಿಂದ ತೆಗೆಯಿರಿ. ಸುಸ್ತಾದ ಆಮೆ ಮುಳುಗಿ ಸಾಯುತ್ತದೆ, ನಂಬಿ. ಕತ್ತೆತ್ತಿದರೆ ಮೂಗು ಮೇಲೆ ಬರುವಷ್ಟು ನೀರು ಸಾಕು. 27-28 ಡಿಗ್ರಿ ಬೆಚ್ಚಗಿರಲಿ, ಎಸಿ ಬೇಡ. ಬಾಯಿಗೆ ಏನೂ ತುರುಕಬೇಡಿ.

ಮಾಟುಂಗಾದಿಂದ:
ಬರೀ ಸೀಗಡಿ ತಿಂದರೆ ವಿಟಮಿನ್ ಎ ಕಮ್ಮಿಯಾಗಿಯೂ ಕಣ್ಣು ಊದುತ್ತದೆ. ಸುಮ್ನೆ ಮನೆಯ ಐ ಡ್ರಾಪ್ಸ್ ಬಿಡಬೇಡಿ.

ಡೊಂಬಿವಲಿಯಿಂದ:
ಲೋಕಲ್ ರೈಲಿನಲ್ಲಿ ಒಯ್ಯಬಹುದಾ?

ಪುಣೆಯಿಂದ:
ನೀರಿಲ್ಲದ ಡಬ್ಬಿ, ಒದ್ದೆ ಟವೆಲ್, ಮುಚ್ಚಳಕ್ಕೆ ತೂತು. ಬೆಳಗ್ಗೆ 8.30ರ ರಶ್ ಮಾತ್ರ ಬೇಡ, ಅಲ್ಲಿ ಮನುಷ್ಯರಿಗೇ ಉಸಿರಾಡೋಕೆ ಜಾಗ ಇರಲ್ಲ, ಅಲ್ವಾ?