ನಲವತ್ತನಾಲ್ಕರಲ್ಲಿ ಬಿ.ಕಾಂ.: ಸಂಜೆ ಕಾಲೇಜು ಬಿಟ್ಟು ಮುಕ್ತ ವಿಶ್ವವಿದ್ಯಾನಿಲಯಕ್ಕೆ ಹೋಗಬಹುದೇ?

ಪ್ರಶ್ನೆ: ಕಾಪು ಕಡಲಕರೆ

ಎಲ್ಲರಿಗೂ ನಮಸ್ಕಾರ. ಪಿಯುಸಿ ಮುಗಿದ ಕೂಡಲೇ ಕೊಲ್ಲಿಗೆ ಹೋಗಿ, ಗೋದಾಮಿನ ಲೆಕ್ಕಪತ್ರದ ಕೆಲಸದಲ್ಲಿ ಬಹುಕಾಲ ಕಳೆದು, ಊರಿಗೆ ಮರಳಿದ ಮೇಲೆ ಮಂಗಳೂರಿನ ಒಂದು ಸಂಜೆ ಕಾಲೇಜಿನಲ್ಲಿ ಬಿ.ಕಾಂ.ಗೆ ಸೇರಿದವನು ನಾನು. ಮೊದಲ ಎರಡು ಸೆಮಿಸ್ಟರ್‌ಗಳ ಎಲ್ಲ ವಿಷಯಗಳೂ ಪಾಸಾಗಿವೆ, ಮೂರನೆಯದು ನಡೆಯುತ್ತಿದೆ. ಪದವಿಯ ನಂತರ ಉಡುಪಿಯ ವೈಕುಂಠ ಬಾಳಿಗಾ ಕಾನೂನು ಕಾಲೇಜಿನಲ್ಲಿ ಮೂರು ವರ್ಷದ ಎಲ್‌ಎಲ್‌.ಬಿ. ಓದಬೇಕೆಂಬುದು ನನ್ನ ಆಸೆ.

ಹಗಲು ತಮ್ಮನ ಹಾರ್ಡ್‌ವೇರ್ ಅಂಗಡಿಯಲ್ಲಿ ಕುಳಿತು, ಮಧ್ಯಾಹ್ನದ ನಂತರ ಎಕ್ಸ್‌ಪ್ರೆಸ್ ಬಸ್ಸು ಹಿಡಿದು, ಕೂಳೂರು, ಕೊಟ್ಟಾರ ಚೌಕಿಗಳ ವಾಹನ ದಟ್ಟಣೆ ದಾಟಿ ತರಗತಿಗೆ ತಲುಪುವಷ್ಟರಲ್ಲಿ ಮೊದಲ ಅವಧಿ ಅರ್ಧ ಮುಗಿದಿರುತ್ತದೆ. ಈ ಸಲ ಹಾಜರಾತಿ ಶೇ. 75ನ್ನು ಮುಟ್ಟುವುದು ಅನುಮಾನ. ಅಪ್ಪನಿಗೆ ಪಾರ್ಶ್ವವಾಯು ಆದ ಮೇಲೆ ರಾತ್ರಿ ಹತ್ತರವರೆಗೆ ಮನೆಯ ಹೊರಗಿರುವುದೂ ಸರಿಯೆನಿಸುತ್ತಿಲ್ಲ. ತರಗತಿಯ ಮಕ್ಕಳಿಂದ ನನಗೇನೂ ತೊಂದರೆಯಿಲ್ಲ. ಹಾಜರಿ ಕರೆಯುವ ಉಪನ್ಯಾಸಕರು ಮಾತ್ರ, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ನನ್ನ ಸರದಿ ಬಂದಾಗ ಹೆಸರಿನ ಮುಂದೆ ‘ಸರ್’ ಸೇರಿಸುತ್ತಾರೆ. ಉಳಿದವರೆಲ್ಲ ತಿರುಗಿ ನೋಡುತ್ತಾರೆ. ಅದು ಹೋಗಲಿ.

ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಉಡುಪಿಯಲ್ಲಿಯೂ ಪ್ರಾದೇಶಿಕ ಕೇಂದ್ರವಿದೆ. ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ) ಕೂಡ ಇದೆ. ಈಗ ಬದಲಾಯಿಸಿದರೆ ಒಂದು ವರ್ಷದ ಓದು ನೀರುಪಾಲಾಗುತ್ತದೆಯೇ? ಆ ಪದವಿಯಿಂದ ಎಲ್‌ಎಲ್‌.ಬಿ.ಗೆ ಅಡ್ಡಿಯಾಗುತ್ತದೆಯೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ನಿವೃತ್ತ ಕಚೇರಿ ಅಧೀಕ್ಷಕ, ಬಂಟ್ವಾಳ

ಕಾಲೇಜಿನ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನಾದ್ದರಿಂದ ಕಾಗದಪತ್ರದ ಕಡೆಯಿಂದಲೇ ಹೇಳುತ್ತೇನೆ. ಯಾವ ವಿಶ್ವವಿದ್ಯಾನಿಲಯ ಉತ್ತಮ ಎಂಬುದು ಸದ್ಯಕ್ಕೆ ಎರಡನೆಯ ಪ್ರಶ್ನೆ. ನೀವು ಗಳಿಸಿರುವ ಕ್ರೆಡಿಟ್‌ಗಳಲ್ಲಿ, ಅಂದರೆ ಪಾಸಾದ ವಿಷಯಗಳಿಗೆ ಲೆಕ್ಕಕ್ಕೆ ಸಿಗುವ ಅಂಶಗಳಲ್ಲಿ, ಎಷ್ಟನ್ನು ಹೊಸ ವಿಶ್ವವಿದ್ಯಾನಿಲಯ ಒಪ್ಪಿಕೊಳ್ಳುತ್ತದೆ ಎಂಬುದೇ ಮೊದಲ ಪ್ರಶ್ನೆ. ಅದು ತೀರ್ಮಾನವಾಗದೆ ಟಿ.ಸಿ. ತೆಗೆದುಕೊಳ್ಳಬೇಡಿ.

ಯುಜಿಸಿ (ವಿಶ್ವವಿದ್ಯಾನಿಲಯ ಅನುದಾನ ಆಯೋಗ) 2021ರಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ಅಂದರೆ ವಿದ್ಯಾರ್ಥಿಯ ಕ್ರೆಡಿಟ್‌ಗಳನ್ನು ಜಮೆ ಮಾಡಿಡುವ ಖಾತೆಯ ನಿಯಮಗಳನ್ನು ತಂದಿತು. ಅದರಲ್ಲಿ ಜಮೆಯಾದ ಕ್ರೆಡಿಟ್‌ಗಳಿಗೆ ಗರಿಷ್ಠ 7 ವರ್ಷದ ಆಯುಸ್ಸಿದೆ. ಆದರೆ ಪದವಿ ಕೊಡುವ ಸಂಸ್ಥೆಯಲ್ಲಿಯೇ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿರಬೇಕು ಎಂಬ ಷರತ್ತೂ ಇದೆ. ಮೂರು ವರ್ಷದ ಪದವಿಯಲ್ಲಿ ನೀವು ಸುಮಾರು ಮೂರನೇ ಒಂದು ಭಾಗ ಮುಗಿಸಿದ್ದೀರಿ. ಹಾಗಾಗಿ ಆ ಷರತ್ತು ನಿಮಗೆ ಅಡ್ಡಬರುವುದಿಲ್ಲ. ನಾಲ್ಕನೆಯ ಸೆಮಿಸ್ಟರ್ ಮುಗಿಸಿ ಹೊರಟರೆ ಅದೇ ಷರತ್ತಿನಿಂದ ಒಂದಷ್ಟು ಓದು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಬದಲಾಯಿಸುವುದೇ ಆದರೆ ತಡಮಾಡಬಾರದು ಎನ್ನುವುದಕ್ಕೆ ಕಾರಣ ಇದು.

ಇನ್ನೊಂದು ತೊಡಕೆಂದರೆ ಪಠ್ಯಕ್ರಮ. ನಮ್ಮ ರಾಜ್ಯದಲ್ಲಿ 2021-22ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂದು, 2024-25ರ ಪ್ರವೇಶದಿಂದ ಮತ್ತೆ ಹಿಂದಿನಂತೆ ಮೂರು ವರ್ಷದ ಪದವಿ ಜಾರಿಯಾಯಿತು. ನೀವು ಓದಿದ ವಿಷಯಕ್ಕೂ ಅಲ್ಲಿನ ವಿಷಯಕ್ಕೂ ತಾಳೆಯಾಗದಿದ್ದರೆ ಬ್ಯಾಂಕಿನಲ್ಲಿ ಕ್ರೆಡಿಟ್ ಇದ್ದರೂ ಕೈಗೆ ಬರುವುದಿಲ್ಲ. ಎರಡೂ ಸೆಮಿಸ್ಟರ್‌ಗಳ ಅಂಕಪಟ್ಟಿ ಮತ್ತು ಪಠ್ಯಕ್ರಮದ ಪ್ರತಿಯನ್ನು ಜೋಡಿಸಿ, ಯಾವ ಸೆಮಿಸ್ಟರ್‌ಗೆ ಪ್ರವೇಶ ಕೊಡುತ್ತೀರಿ ಎಂದು ಬರಹದಲ್ಲಿ ಕೇಳಿ. ಕೌಂಟರಿನಲ್ಲಿ “ಆಗುತ್ತದೆ ಬಿಡಿ” ಎಂದವರ ಮಾತು ಪರೀಕ್ಷೆಯ ಅರ್ಜಿ ತುಂಬುವಾಗ ನಿಲ್ಲುವುದಿಲ್ಲ.

ಉತ್ತರ: ಮಣಿಪಾಲದ ಗೃಹಿಣಿ

ಅಣ್ಣಾ, ನಾನು ಮಕ್ಕಳು ಹೈಸ್ಕೂಲಿಗೆ ಬಂದ ಮೇಲೆ ಇಗ್ನೋ ಮೂಲಕ ಬಿ.ಎ. ಮುಗಿಸಿದವಳು. ದೂರಶಿಕ್ಷಣವೆಂದರೆ ಬಸ್ಸಿನ ಸಮಯ ಉಳಿಯುತ್ತದೆ, ನಿಜ; ಆದರೆ ಉಳಿದ ಆ ಸಮಯವನ್ನು ಮನೆಯವರು ಓದಿನ ಸಮಯವೆಂದು ಒಪ್ಪಿಕೊಳ್ಳುವುದು ಬಹಳ ಕಷ್ಟ. ತರಗತಿಗೆ ಹೊರಟವರನ್ನು ಯಾರೂ ತಡೆಯುವುದಿಲ್ಲ. ಊಟದ ಮೇಜಿನ ಮೇಲೆ ಪುಸ್ತಕ ಬಿಚ್ಚಿದವರಿಗೆ ಗ್ಯಾಸ್ ಸಿಲಿಂಡರಿನವನು ಬಂದಾಗಲೂ ಕರೆ, ನೆಂಟರು ಬಂದಾಗಲೂ ಕರೆ. ನಿಮಗೆ ಅಂಗಡಿಯೂ ಅಪ್ಪನ ಆರೈಕೆಯೂ ಇರುವುದರಿಂದ ಇದನ್ನು ಮೊದಲೇ ಯೋಚಿಸಿ.

ಇಗ್ನೋದಲ್ಲಿ ಸಾಮಾನ್ಯವಾಗಿ ಅಸೈನ್‌ಮೆಂಟಿಗೆ ಶೇ. 30, ಪರೀಕ್ಷೆಗೆ ಶೇ. 70. ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರಿನಲ್ಲಿ. ಮೂರು ವರ್ಷದ ಪದವಿಯನ್ನು ಮುಗಿಸಲು ಆರು ವರ್ಷದವರೆಗೆ ಅವಕಾಶವಿದೆ. ಈ ಸಡಿಲಿಕೆಯೇ ನನ್ನನ್ನು ಉಳಿಸಿತು, ಇದೇ ನನ್ನನ್ನು ಹಿಂದೆಯೂ ಹಾಕಿತು. ಅಸೈನ್‌ಮೆಂಟ್ ಕಳುಹಿಸಲು ಕೊನೆಯ ದಿನ ತಪ್ಪಿದರೆ ಕೇಳುವವರಿಲ್ಲ, ಮುಂದಿನ ಸಲಕ್ಕೆ ಹೋಗುತ್ತದೆ, ಅಷ್ಟೆ. ಲೆಕ್ಕಶಾಸ್ತ್ರದಂಥ ವಿಷಯವನ್ನು ಒಬ್ಬರೇ ಕಲಿಯಲು ನಿಮಗೆ ನಿಮ್ಮ ಹಳೆಯ ಕೆಲಸದ ಅನುಭವ ನೆರವಾಗಬಹುದು.

ಉತ್ತರ: ಮಂಗಳೂರಿನ ಕಿರಿಯ ವಕೀಲ

ಎಲ್‌ಎಲ್‌.ಬಿ. ಬಗ್ಗೆ ಮಾತ್ರ ಹೇಳುತ್ತೇನೆ. ಬಾರ್ ಕೌನ್ಸಿಲ್‌ನ 2008ರ ನಿಯಮಗಳ ಪ್ರಕಾರ ಮೂರು ವರ್ಷದ ಕೋರ್ಸಿಗೆ ಮಾನ್ಯತೆಯುಳ್ಳ ಪದವಿ ಬೇಕು. ಅಂಕ ಸಾಮಾನ್ಯ ವರ್ಗಕ್ಕೆ ಶೇ. 45, ಇತರೆ ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 40. ಮುಕ್ತ ವಿಶ್ವವಿದ್ಯಾನಿಲಯದ ಪದವಿ ಎಂಬ ಒಂದೇ ಕಾರಣಕ್ಕೆ ಅಡ್ಡಿಯಿಲ್ಲ. ಹತ್ತನೆಯ ತರಗತಿ, ಪಿಯುಸಿ ಮಾಡದೆ ನೇರವಾಗಿ ಮುಕ್ತ ಪದವಿ ಪಡೆದವರಿಗೆ ತೊಂದರೆ. ನಿಮಗೆ ಪಿಯುಸಿ ಆಗಿದೆ. ಆ ಅಂಕಪಟ್ಟಿಯನ್ನು ಜೋಪಾನ ಮಾಡಿ.

ಆದರೆ ನೀವು ಸೇರುವ ಶೈಕ್ಷಣಿಕ ವರ್ಷಕ್ಕೆ ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳದೆ ಶುಲ್ಕ ಕಟ್ಟಬೇಡಿ. ನಮ್ಮ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೇ 2013-14ರಿಂದ ಮಾನ್ಯತೆ ಕಳೆದುಕೊಂಡಿದ್ದು 2018ರಲ್ಲಿ ಮರಳಿ ಪಡೆಯಿತು. ಆ ನಡುವಿನ ವರ್ಷಗಳ ವಿದ್ಯಾರ್ಥಿಗಳು ಪಟ್ಟ ಪಾಡು ಅನೇಕರಿಗೆ ನೆನಪಿರಬಹುದು. ಈಗ ದೂರಶಿಕ್ಷಣಕ್ಕೆ ಸೇರುವವರು ಡಿಇಬಿ ಐಡಿ (ಯುಜಿಸಿಯ ದೂರಶಿಕ್ಷಣ ವಿಭಾಗದ ಗುರುತಿನ ಸಂಖ್ಯೆ) ಮಾಡಿಸಿಕೊಳ್ಳಬೇಕಾಗುತ್ತದೆ. ಮತ್ತೆ ಕೊಲ್ಲಿಗೆ ಹೋಗುವ ಯೋಚನೆ ಸ್ವಲ್ಪವಾದರೂ ಇದ್ದರೆ ಇನ್ನಷ್ಟು ಎಚ್ಚರ ಬೇಕು. ಅಲ್ಲಿ ಪ್ರಮಾಣಪತ್ರದ ದೃಢೀಕರಣದ ಹೊತ್ತಿಗೆ ತರಗತಿಗೆ ಹೋಗಿ ಓದಿದ್ದೋ ದೂರಶಿಕ್ಷಣವೋ ಎಂದು ಕೇಳುವುದುಂಟು.

ಕಾಪು ಕಡಲಕರೆ

ಮೂವರಿಗೂ ಕೃತಜ್ಞತೆಗಳು. ಕೊಲ್ಲಿಗೆ ಮತ್ತೆ ಹೋಗುವ ಯೋಚನೆಯಿಲ್ಲ. ಒಂದು ಅನುಮಾನ: ಟಿ.ಸಿ. ತೆಗೆದುಕೊಳ್ಳದೆ ಅಲ್ಲಿ ಪ್ರವೇಶ ಪಡೆಯುವುದು ಹೇಗೆ?

ನಿವೃತ್ತ ಕಚೇರಿ ಅಧೀಕ್ಷಕ, ಬಂಟ್ವಾಳ

2022ರಿಂದ ಒಂದು ನೇರ ತರಗತಿಯ ಪದವಿಯನ್ನೂ ಒಂದು ದೂರಶಿಕ್ಷಣದ ಪದವಿಯನ್ನೂ ಜೊತೆಯಾಗಿ ಓದಲು ಯುಜಿಸಿ ಅನುಮತಿಸಿದೆ. ಹಾಗೆಂದು ಎಲ್ಲ ಕಚೇರಿಗಳೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ, ಮೂಲ ಟಿ.ಸಿ.ಯನ್ನೇ ಕೇಳಿದರೆ, ಪ್ರವೇಶದ ಒಪ್ಪಿಗೆ ಕೈಗೆ ಬಂದ ದಿನ ಅರ್ಜಿ ಕೊಡುತ್ತೇನೆಂದು ಹೇಳಿ. ಅಲ್ಲಿಯವರೆಗೆ ಪ್ರಾಂಶುಪಾಲರನ್ನು ಕಂಡು, ತಂದೆಯವರ ವೈದ್ಯಕೀಯ ದಾಖಲೆಗಳನ್ನು ತೋರಿಸಿ, ಮೊದಲ ಅವಧಿಯ ಹಾಜರಾತಿಯ ಬಗ್ಗೆ ಏನಾದರೂ ರಿಯಾಯಿತಿ ಸಾಧ್ಯವೇ ಎಂದು ವಿಚಾರಿಸಿ. ಕ್ರೆಡಿಟ್ ಒಪ್ಪದಿದ್ದರೆ ಅಲ್ಲಿ ಪೂರ್ತಿ ಮೂರು ವರ್ಷ, ಇಲ್ಲಿ ಉಳಿದರೆ ಎರಡು ವರ್ಷಕ್ಕೂ ಕಡಿಮೆ. ಮೂರನೆಯ ಸೆಮಿಸ್ಟರಿನ ಪರೀಕ್ಷಾ ಶುಲ್ಕವನ್ನಂತೂ ಈಗಲೇ ಕಟ್ಟಿಬಿಡಿ.