ಆಸಿಡ್ ಟ್ಯಾಂಕ್ ಮೇಲೆ ವೆಲ್ಡಿಂಗ್: ಆಸಿಡ್ ಉರಿಯುವುದಿಲ್ಲ ಅಲ್ವಾ?

ಪ್ರಶ್ನೆ: ಸರ್, ನಾನು ಮಂಗಳೂರಿನ ಬೈಕಂಪಾಡಿಯಲ್ಲಿ ಫ್ಯಾಬ್ರಿಕೇಶನ್ ಕೆಲಸ ಮಾಡುವವನು. ಒಂದು ಫ್ಯಾಕ್ಟರಿಯಲ್ಲಿ ಸಲ್ಫ್ಯೂರಿಕ್ ಆಸಿಡ್ ಟ್ಯಾಂಕಿನ ಮೇಲಿನ ಕೈ ಹಿಡಿಯುವ ರೇಲಿಂಗ್ ಮುರಿದಿದೆ, ವೆಲ್ಡ್ ಮಾಡಬೇಕು. ಕಬ್ಬಿಣದ ಟ್ಯಾಂಕ್, ಒಳಗೆ ಅರ್ಧ ಆಸಿಡ್ ಉಂಟು. "ಆಸಿಡ್ ಎಲ್ಲಿಯಾದರೂ ಉರಿಯುತ್ತದಾ, ಸುಮ್ನೆ ಹೆದರಬೇಡ" ಎಂದು ಸೂಪರ್‌ವೈಸರ್ ಹೇಳುತ್ತಾರೆ. ಏಣಿ ಹತ್ತಿರ ಗ್ಯಾಸ್ ಮೀಟರ್ ಹಿಡಿದು ಸೊನ್ನೆ ತೋರಿಸಿ ವೆಲ್ಡಿಂಗ್ ಪರ್ಮಿಟ್‌ಗೆ (ಅನುಮತಿ ಚೀಟಿಗೆ) ಸೈನ್ ಕೂಡ ಹಾಕಿದ್ದಾರೆ. ಮಾಡಬಹುದಾ?

ಉತ್ತರ: ಬೇಡ ಮಾರಾಯ್ರೆ, ಕೆಲಸ ನಿಲ್ಲಿಸಿ. ಆಸಿಡ್ ಉರಿಯುವುದಿಲ್ಲ, ಸರಿ. ಆದರೆ ಆಸಿಡ್ ಕಬ್ಬಿಣವನ್ನು ತಿನ್ನುವಾಗ ಹೈಡ್ರೋಜನ್ ಬರುತ್ತದೆ. 98 ಶೇಕಡಾದ ಗಟ್ಟಿ ಆಸಿಡ್ ಇದ್ದರೆ ಕಬ್ಬಿಣದ ಮೇಲೆ ಒಂದು ಪದರ ಕೂತು ತಿನ್ನುವುದು ನಿಧಾನವಾಗುತ್ತದೆ, ಆದರೆ ಅದೇ ಆಸಿಡ್ ಗಾಳಿಯ ತೇವ ಎಳೆದುಕೊಂಡು ತೆಳುವಾದರೆ ಜೋರಾಗಿ ತಿನ್ನುತ್ತದೆ, ಮತ್ತೆ ನಮ್ಮೂರಿನ ಜೂನ್-ಜುಲೈ ಗಾಳಿ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಹೈಡ್ರೋಜನ್‌ಗೆ ವಾಸನೆ ಇಲ್ಲ, ಹಗುರ, ಹೋಗಿ ರೂಫಿನ ಅಡಿಯಲ್ಲೇ ಕೂರುತ್ತದೆ. ಅಂದರೆ ನಿಮ್ಮ ಕಾಲಿನ ಕೆಳಗೆ. ಗಾಳಿಯಲ್ಲಿ 4ರಿಂದ 75 ಶೇಕಡಾ ಇದ್ದರೆ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಆವಿಗೆ ಈ ಅಂತರ ಸುಮಾರು 1.4ರಿಂದ 7.6 ಮಾತ್ರ.

ಏಣಿ ಹತ್ತಿರ ಮೀಟರ್ ಹಿಡಿದದ್ದು ಲೆಕ್ಕಕ್ಕಿಲ್ಲ. 2010ರ ನವೆಂಬರಿನಲ್ಲಿ ಅಮೆರಿಕದ ಬಫಲೋ ಹತ್ತಿರ ಡುಪಾಂಟ್ ಕಾರ್ಖಾನೆಯಲ್ಲಿ ಆದದ್ದೂ ಹೀಗೆಯೇ. ಟ್ಯಾಂಕಿನ ಹೊರಗೆ ಗ್ಯಾಸ್ ನೋಡಿದರು, ಒಳಗೆ ನೋಡಲಿಲ್ಲ, ಮೇಲೆ ವೆಲ್ಡಿಂಗ್ ಮಾಡುತ್ತಿದ್ದ ಒಬ್ಬರು ಸತ್ತರು. 2001ರ ಜುಲೈಯಲ್ಲಿ ಡೆಲವೇರ್ ಸಿಟಿಯ ಮೋಟಿವಾ ರಿಫೈನರಿಯದ್ದು ನಿಮ್ಮ ಕೆಲಸಕ್ಕೆ ಇನ್ನೂ ಹತ್ತಿರ: ಬಳಸಿದ ಸಲ್ಫ್ಯೂರಿಕ್ ಆಸಿಡ್ ಟ್ಯಾಂಕುಗಳ ಮೇಲಿನ ನಡೆದಾರಿಯ ರಿಪೇರಿ. ಅಲ್ಲಿ ಆಸಿಡ್ ಜೊತೆ ಹೈಡ್ರೋಕಾರ್ಬನ್ (ಪೆಟ್ರೋಲಿನಂಥ ಉರಿಯುವ ಎಣ್ಣೆ) ಸೇರಿತ್ತು, ತುಕ್ಕು ಹಿಡಿದು ಟ್ಯಾಂಕಿಗೆ ತೂತು ಬಿದ್ದಿತ್ತು, ಒಂದು ಕಿಡಿ ಸಾಕಾಯಿತು. ಒಬ್ಬರು ಸತ್ತು 8 ಜನರಿಗೆ ಪೆಟ್ಟಾಯಿತು. ಅವರು ಟ್ಯಾಂಕನ್ನು ಮುಟ್ಟುವ ಕೆಲಸವನ್ನೂ ಮಾಡುತ್ತಿರಲಿಲ್ಲ ನೋಡಿ.

ಮಲ್ಪೆಯಿಂದ ಒಬ್ಬರು: ನಾವು ಬೋಟಿನ ಡೀಸೆಲ್ ಡ್ರಮ್ಮಿಗೆ ನೀರು ತುಂಬಿಸಿ ವೆಲ್ಡ್ ಮಾಡುತ್ತೇವೆ ಸರ್. ಇಲ್ಲೂ ನೀರು ಬಿಟ್ಟರೆ ಆಗುವುದಿಲ್ಲವಾ?

ಉತ್ತರ: ಅಯ್ಯೋ, ಅದು ಮಾತ್ರ ಬೇಡ! ಆಸಿಡ್‌ಗೆ ನೀರು ಬಿದ್ದರೆ ಕುದಿದು ಮೈಮೇಲೆ ಸಿಡಿಯುತ್ತದೆ, ಜೊತೆಗೆ ಆಸಿಡ್ ತೆಳುವಾಗಿ ಹೈಡ್ರೋಜನ್ ಇನ್ನೂ ಜಾಸ್ತಿ. ಖಾಲಿ ಮಾಡಿದ ಟ್ಯಾಂಕಿನಲ್ಲೂ ತಳದ ಕೆಸರಿಗೆ ನೀರು ಹೊಡೆದು ತೊಳೆಯುವಾಗಲೇ ಹೈಡ್ರೋಜನ್ ಬರುತ್ತದೆ. ನಿಮ್ಮ ಡ್ರಮ್ಮಿನ ವಿಷಯಕ್ಕೂ ಒಂದು ಮಾತು. ನಮ್ಮ ಡೀಸೆಲ್‌ನ ಫ್ಲ್ಯಾಶ್ ಪಾಯಿಂಟ್ (ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಏಳುವ ಬಿಸಿ) ಕನಿಷ್ಠ 35 ಡಿಗ್ರಿ ಇದ್ದರೆ ಸಾಕು ಎಂದು ನಿಯಮ. ಮೇ ತಿಂಗಳ ಬಿಸಿಲಿನಲ್ಲಿ ಬಿದ್ದ ಡ್ರಮ್ ಮುಟ್ಟಿ ನೋಡಿ, ಅದಕ್ಕಿಂತ ಬಿಸಿ ಇರುತ್ತದೆ. ನೀರು ಅರ್ಧ ತುಂಬಿಸಿದರೆ ಉಳಿದ ಅರ್ಧ ಆವಿಯೇ. ಮೊದಲು ಚೆನ್ನಾಗಿ ತೊಳೆದು, ವೆಲ್ಡ್ ಮಾಡುವ ಜಾಗದ ಹತ್ತಿರದವರೆಗೂ ನೀರು ತುಂಬಿಸಬೇಕು, ಬಾಯಿ ತೆರೆದಿರಬೇಕು.

ಪ್ರಶ್ನೆ ಕೇಳಿದವರು: ಹಾಗಾದರೆ ರೇಲಿಂಗ್ ಏನು ಮಾಡುವುದು ಸರ್? ಬೋಲ್ಟ್ ಎಲ್ಲ ತುಕ್ಕು. ಗ್ರೈಂಡರ್ ಹಾಕಿ ಬಿಡಿಸಿ ಕೆಳಗೆ ತರಲಾ?

ಉತ್ತರ: ಕೆಳಗೆ ತರುವುದು ಸರಿ. ಗ್ರೈಂಡರ್ ಬೇಡ, ಅದರ ಕಿಡಿಯೂ ಕಿಡಿಯೇ. ಟ್ಯಾಂಕಿನಲ್ಲಿ ಆಸಿಡ್ ಇರುವಾಗ ನೀವಾಗಿ ಮೇಲೆ ಹತ್ತಿ ಏನನ್ನೂ ಬಿಚ್ಚಬೇಡಿ. ಟ್ಯಾಂಕ್ ಖಾಲಿ ಮಾಡಿ, ಪೈಪುಗಳಿಗೆ ಬ್ಲೈಂಡ್, ಅಂದರೆ ದಾರಿ ಪೂರ್ತಿ ಮುಚ್ಚುವ ತಗಡು, ಹಾಕಿ (ವಾಲ್ವ್ ಮುಚ್ಚಿದರೆ ಸಾಲದು), ಗಾಳಿ ಹೊಡೆಸಿ, ರೂಫಿನ ಅಡಿಯ ಗ್ಯಾಸ್ ನೋಡುವ ಕೆಲಸ ಫ್ಯಾಕ್ಟರಿಯವರದ್ದು. ನೈಟ್ರೋಜನ್ ಬಿಟ್ಟಿದ್ದಾರಾ ಅಂತಲೂ ಕೇಳಿ, ಆಮ್ಲಜನಕ ಕಮ್ಮಿ ಇದ್ದರೆ ಮಾಮೂಲಿ ಮೀಟರ್ ಸುಳ್ಳು ಸೊನ್ನೆ ತೋರಿಸುತ್ತದೆ. ರೂಫಿನ ತಗಡಿನ ದಪ್ಪವನ್ನೂ ಅಳೆಸಲಿ, ಕಾಲಿಟ್ಟ ಕೂಡಲೇ ಒಳಗೆ ಹೋಗುವಂತಿರಬಾರದು. ಬೆಳಿಗ್ಗೆ ನೋಡಿದ ಗ್ಯಾಸ್ ಊಟದ ನಂತರಕ್ಕೆ ಆಗುವುದಿಲ್ಲ, ಪುನಃ ನೋಡಬೇಕು. ಸೂಪರ್‌ವೈಸರ್ ತಕರಾರು ಮಾಡಿದರೆ ಒಳಗಿನ ರೀಡಿಂಗ್ ಬರೆದು ಕೊಡಿ ಅನ್ನಿ. ಮಾತಲ್ಲಿ ಬೇಡ.