ವೈಪರ್ ಬ್ಲೇಡ್: 250ರ ಜೋಡಿಗೂ 1,200ರ ಜೋಡಿಗೂ ನಿಜಕ್ಕೂ ವ್ಯತ್ಯಾಸ ಇದೆಯಾ? ಅನುಭವ ಇದ್ದವರು ಹೇಳಿ

ಶಿರಾಡಿ ಪಯಣಿಗ (ಪ್ರಶ್ನೆ):
ಹ್ಯಾಚ್‌ಬ್ಯಾಕ್ ಕಾರು. ಡ್ರೈವರ್ ಕಡೆ 24 ಇಂಚು, ಪಕ್ಕದ್ದು 16. ಮಳೆಗಾಲದಲ್ಲೂ ಬೆಂಗಳೂರು–ಮಂಗಳೂರು ಓಡಾಟ ತಪ್ಪಲ್ಲ, ಊರಲ್ಲಿದ್ದಾಗ ಕಾರು ಬಿಸಿಲಲ್ಲೇ ನಿಲ್ಲುತ್ತೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೆಸರಿಲ್ಲದ ಫ್ರೇಮ್ ಬ್ಲೇಡ್ (ಕಬ್ಬಿಣದ ಚೌಕಟ್ಟಿರೋದು) ಜೋಡಿಗೆ 250, ಒಳ್ಳೇ ಕಂಪನಿಯ ಫ್ಲಾಟ್ ಬ್ಲೇಡ್ (ಚೌಕಟ್ಟಿಲ್ಲದ್ದು) ಜೋಡಿಗೆ 1,200 ಹೇಳ್ತಿದ್ದಾರೆ. ಈಗಿರೋದು ಮೇಲೆ ಹೋಗುವಾಗ ಚೊಕ್ಕಟ ಒರೆಸುತ್ತೆ, ಕೆಳಗೆ ಬರುವಾಗ ಗಾಜೆಲ್ಲ ಮಬ್ಬು. ಯಾವುದು ತಗೊಳ್ಳಲಿ?

ಹತ್ತು-ಹನ್ನೆರಡು ಸ್ಪ್ಯಾನರ್:
ಫ್ರೇಮೋ ಫ್ಲಾಟೋ ಅಂತ ಆಮೇಲೆ ನೋಡೋಣ, ಮೊದಲು ರಬ್ಬರ್ ನೋಡಿ ಸಾರ್. ಒಳ್ಳೇ ಬ್ಲೇಡಿನ ತುಟಿಯನ್ನ, ಅಂದ್ರೆ ಗಾಜಿಗೆ ತಾಗೋ ರಬ್ಬರ್ ಅಂಚನ್ನ, ಅಚ್ಚಲ್ಲಿ ಬಂದ ಹಾಗೇ ಬಿಡಲ್ಲ. ಎರಡು ರಬ್ಬರ್ ಜೋಡಿಯಾಗಿ ತಯಾರಾಗುತ್ತೆ, ಆಮೇಲೆ ನಡುವೆ ಬ್ಲೇಡಿನಿಂದ ಸೀಳ್ತಾರೆ. ಅದಕ್ಕೇ ಅಂಚು ಚೂಪಾಗಿ, ನೇರವಾಗಿ ಇರುತ್ತೆ. ಅಗ್ಗದ್ದನ್ನ ಟಾರ್ಚ್ ಬೆಳಕಿಗೆ ಹಿಡಿದು ನೋಡಿ, ಅಂಚಲ್ಲಿ ಸಣ್ಣ ಸಣ್ಣ ರಬ್ಬರ್ ಚಿಂದಿ ಕಾಣುತ್ತೆ. ಒಂದೊಂದು ಚಿಂದಿಯೂ ಗಾಜಿನ ಮೇಲೆ ಒಂದೊಂದು ನೀರಿನ ಗೆರೆ.

ಎರಡನೇದು ತುಟಿಯ ಮೇಲಿರೋ ಕುತ್ತಿಗೆ. ಬ್ಲೇಡ್ ದಿಕ್ಕು ಬದಲಿಸಿದಾಗೆಲ್ಲ ತುಟಿ ಆ ಕಡೆಯಿಂದ ಈ ಕಡೆಗೆ ಮಗುಚಬೇಕು, ಎಳೆಯೋ ದಿಕ್ಕಿಗೆ ಹಿಂದಕ್ಕೆ ವಾಲಿರಬೇಕು. ಅಗ್ಗದ್ದರಲ್ಲಿ ಕುತ್ತಿಗೆ ದಪ್ಪ, ಇಲ್ಲಾ ಬಿಸಿಲಿಗೆ ಸೆಟೆದು ಒಂದೇ ಕಡೆ ವಾಲಿ ನಿಂತಿರುತ್ತೆ. ಒಂದು ದಿಕ್ಕಲ್ಲಿ ಒರೆಸುತ್ತೆ, ಇನ್ನೊಂದು ದಿಕ್ಕಲ್ಲಿ ನೀರನ್ನ ಬಳಿಯುತ್ತೆ. ಮೂರನೇದು ಗ್ರಾಫೈಟ್ ಲೇಪ. ಅದಿಲ್ಲದ ರಬ್ಬರ್ ಅರೆಒದ್ದೆ ಗಾಜಿನ ಮೇಲೆ ಟರ್‌ರ್ ಅಂತ ಕುಪ್ಪಳಿಸುತ್ತೆ.

ನನ್ನ ಆಯ್ಕೆ ಒಳ್ಳೇ ಫ್ರೇಮ್ ಬ್ಲೇಡ್, ವರ್ಷಕ್ಕೊಮ್ಮೆ ಬರೀ ರಬ್ಬರ್ ಬದಲು. 24ಕ್ಕೆ 130, 16ಕ್ಕೆ 90, ಒಟ್ಟು 220. ಫ್ಲಾಟ್ ತಗೊಂಡೋರು 1,200 ಕೊಟ್ಟು ಕಬ್ಬಿಣಾನೂ ಸೇರಿಸಿ ಎಸೀತಾರೆ. ಆದ್ರೆ ರೀಫಿಲ್ (ಬರೀ ರಬ್ಬರ್) ತಗೊಳ್ಳುವಾಗ ರಬ್ಬರಿನ ಬೆನ್ನಿನ ಅಗಲ ಅಳೀರಿ, 6 ಮಿ.ಮೀ. ಇದೆ, 8 ಇದೆ. 6ರ ಜಾಗಕ್ಕೆ 8 ಹೋಗಲ್ಲ. 8ರ ಜಾಗಕ್ಕೆ 6 ಹಾಕಿದ್ರೆ ಘಾಟಿ ನಡುವೆ ಜಾರಿ ಬರುತ್ತೆ. ಹಳೇ ರಬ್ಬರಿನ ಎರಡು ಉಕ್ಕಿನ ಪಟ್ಟಿ ಎಸೀಬೇಡಿ, ಎರಡರ ಬಾಗೂ ಗಾಜಿನ ಕಡೆಗೇ ಬರೋ ಹಾಗೆ ಹೊಸದಕ್ಕೆ ತೂರಿಸಿ.

ಫ್ಲಾಟ್ ಪಕ್ಷ:
ಸ್ಪ್ಯಾನರ್ ಅವರೇ, 220ರ ಲೆಕ್ಕ ಹೇಳಿದ್ರಿ, ಫ್ರೇಮಿನ ಕೀಲು ಸಡಿಲಾಗೋದನ್ನ ಯಾಕೆ ಬಿಟ್ರಿ? ಫ್ರೇಮ್ ಬ್ಲೇಡ್ ಗಾಜನ್ನ ಒತ್ತೋದು ರಬ್ಬರ್ ಹಿಡಿದಿರೋ ಆರೋ ಎಂಟೋ ಕಬ್ಬಿಣದ ಉಗುರಿನ ಜಾಗದಲ್ಲಿ ಮಾತ್ರ. ಕೀಲಿಗೆ ಕೆಸರು ಹೊಕ್ಕಿ ತುಕ್ಕು ಹಿಡಿದ್ರೆ ಉಗುರುಗಳ ನಡುವೆ ಒಂದೊಂದು ಪಟ್ಟೆ ಒರೆಸದೇ ಉಳಿಯುತ್ತೆ. ಫ್ಲಾಟ್‌ನಲ್ಲಿ ಉದ್ದಕ್ಕೂ ಒಂದು ಸ್ಪ್ರಿಂಗ್ ಉಕ್ಕಿನ ಪಟ್ಟಿ, ಕೀಲೇ ಇಲ್ಲ. ಹೆದ್ದಾರಿಯಲ್ಲಿ ಗಾಳಿಗೆ ಎದ್ದೇಳೋದೂ ಕಡಿಮೆ.

ಆದ್ರೆ ಫ್ಲಾಟ್ ಅಂತ ಬರೆದಿದ್ದೆಲ್ಲ ಫ್ಲಾಟ್ ಅಲ್ಲ. ಉಕ್ಕಿನ ಬಾಗು ನಿಮ್ಮ ಗಾಜಿನ ಬಾಗಿಗೆ ಹೊಂದಬೇಕು. ಅಂಗಡಿಯಲ್ಲೇ ಬ್ಲೇಡನ್ನ ಗಾಜಿಗೆ ಸುಮ್ನೆ ತಾಗಿಸಿ ಹಿಡೀರಿ: ಎರಡು ತುದಿ ಮೊದಲು ತಾಗಬೇಕು, ನಡುವೆ ಸಂದು ಕಾಣಬೇಕು. ಮಧ್ಯವೇ ಮೊದಲು ತಾಗಿದ್ರೆ ಬೇಡ ಅನ್ನಿ, ಆರ್ಮ್ (ಬ್ಲೇಡ್ ಹಿಡಿದಿರೋ ತೋಳು) ಎಷ್ಟು ಒತ್ತಿದ್ರೂ ತುದಿಯ ನಾಲ್ಕು ಬೆರಳು ಜಾಗ ಒದ್ದೆಯೇ. 400 ರೂಪಾಯಿಯ ‘ಯೂನಿವರ್ಸಲ್’ ಫ್ಲಾಟ್‌ಗಳ ಹಣೆಬರಹ ಇಷ್ಟೇ.

ಕುಡ್ಲ ಮಳೆ:
ಮಾರಾಯ್ರೆ, ಇಬ್ಬರೂ ಬ್ಲೇಡ್ ಬ್ಲೇಡ್ ಅಂತೀರಿ, ಆರ್ಮ್ ಯಾರಿಗೂ ಬೇಡವಾ? ಒಂದೇ ದಿಕ್ಕಿಗೆ ಮಬ್ಬು ಅಂತ ಪಾಪ ಆ ಜನ ಕೇಳಿದ್ದು. ವೈಪರ್ ಓಡ್ತಾ ಇರುವಾಗ ಗಾಜಿನ ನಡುವೆ ಬಂದಾಗ ಕೀ ಆಫ್ ಮಾಡಿ, ಬದಿಯಿಂದ ನೋಡಿ. ಆರ್ಮಿನ ತುದಿ ಗಾಜಿಗೆ ಸಮ ಉಂಟಾ, ತಿರುಚಿದೆಯಾ? ಸರ್ವಿಸಲ್ಲಿ ತೊಳೆಯುವ ಹುಡುಗರು ಎಳೆದಾಡಿ ತಿರುಚಿರ್ತಾರೆ. ತಿರುಚಿದ ಆರ್ಮಿಗೆ 2,000ದ ಬ್ಲೇಡ್ ಹಾಕಿದ್ರೂ ಅದೇ ಮಬ್ಬು.

ಮತ್ತೆ ಆರ್ಮಿನ ಸ್ಪ್ರಿಂಗ್. ಬ್ಲೇಡಿನ ಒಂದು ಸೆಂಟಿಮೀಟರಿಗೆ ಸುಮಾರು 15 ಗ್ರಾಂ ಒತ್ತಡ ಬೇಕು. 24 ಇಂಚು ಅಂದ್ರೆ ಸುಮಾರು 60 ಸೆಂ.ಮೀ., ಅಲ್ಲಿಗೆ 900 ಗ್ರಾಂ ಹತ್ತಿರ. ಲಗೇಜ್ ತೂಗುವ ಕೊಕ್ಕೆ ತಕ್ಕಡಿಯನ್ನು ಬ್ಲೇಡ್ ಸಿಕ್ಕಿಸುವ ಜಾಗಕ್ಕೆ ಹಾಕಿ, ಗಾಜಿನಿಂದ ಎತ್ತುವಾಗ ಎಷ್ಟು ತೋರಿಸುತ್ತದೆ ನೋಡಿ. ಅರ್ಧ ಕಿಲೋ ಬಂದ್ರೆ ಆರ್ಮ್ ಸತ್ತಿದೆ ಅಂತ ಲೆಕ್ಕ. ಬ್ಲೇಡ್ ತೆಗೆದಾಗ ಬರೀ ಆರ್ಮ್ ನಿಲ್ಲಿಸಿ ಬಿಡಬೇಡಿ, ಗಾಜಿನ ಮೇಲೆ ದಪ್ಪ ಟವೆಲ್ ಹಾಸಿ. ಆರ್ಮ್ ಬಿದ್ದು ಗಾಜು ಸೀಳಿದ್ರೆ 250ರ ಕೆಲಸಕ್ಕೆ ಸಾವಿರಗಟ್ಟಲೆ ದಂಡ.

ಸಿಲಿಕೋನ್ ಸವಾರ:
2026ರಲ್ಲೂ ರಬ್ಬರ್ ಅಂತೀರಲ್ಲ! ಸಿಲಿಕೋನ್ ಜೋಡಿ 1,900 ಆಗುತ್ತೆ ನಿಜ, ಆದ್ರೆ ಬಿಸಿಲಿಗೂ ಓಝೋನಿಗೂ ಬಿರಿಯಲ್ಲ. ಕಾರು ಬಿಸಿಲಲ್ಲಿ ನಿಲ್ಲುತ್ತೆ ಅಂತ ಅವರೇ ಬರೆದಿದ್ದಾರೆ.

ಕಲಬುರಗಿ ಬಿಸಲ:
ಬಿರಿಯಂಗಿಲ್ಲ, ಖರೆ. ಹರಿದು ಹೋಗತದಲ್ಲರೀ ಸರ! ಸಿಲಿಕೋನ್ ಬಿಸಲಿಗೆ ಗಟ್ಟಿ, ಧೂಳಿನ ತಿಕ್ಕಾಟಕ್ಕ ಮೆತ್ತಗ. ನಮ್ಮ ಕಡೆ ಗಾಜಿನ ಮ್ಯಾಲ ಮಳಿಗಿಂತ ಧೂಳ ಜಾಸ್ತಿ. ಒಣ ಗಾಜಿನ ಮ್ಯಾಲ ಒಮ್ಮೆ ಓಡಿಸಿದ್ರ ಅಂಚು ಹೋತು ಅಂತ ತಿಳ್ಕೋರಿ. ಸಾದಾ ರಬ್ಬರಿಂದ 500ರ ಜೋಡಿ ಮೇ ಕೊನಿಗೆ ಹಾಕ್ರಿ, ಬ್ಯಾಸಿಗಿ ಮುಗದ ಮ್ಯಾಲ. ಫೆಬ್ರುವರಿಯೊಳಗ ಹಾಕಿ ಮಳಿ ಬರೂದ್ರಾಗ ಸುಟ್ಟು ಹೋತು ಅಂದ್ರ ಬ್ಲೇಡಿನ ತಪ್ಪಲ್ಲ. ಡಬ್ಬಿ ಮ್ಯಾಲಿನ ತಯಾರಿ ತಿಂಗಳಾನೂ ನೋಡ್ರಿ, ಅಂಗಡ್ಯಾಗ ಕುಂತರೂ ರಬ್ಬರ್ ಮುಪ್ಪಾಗತದ.

ಸಿಲಿಕೋನ್ ಸವಾರ:
ಧೂಳಲ್ಲಿ ವೈಪರ್ ಓಡಿಸೋರಿಗೆ ಯಾವ ಬ್ಲೇಡೂ ಬಾಳಲ್ಲ. ಮೊದಲು ಗಾಜಿಗೆ ವಾಷರ್ ನೀರು ಚಿಮ್ಮಿಸಿ, ಆಮೇಲೆ ವೈಪರ್.

ಕುಡ್ಲ ಮಳೆ:
ಸಿಲಿಕೋನ್ ಗಾಜಿಗೆ ಒಂದು ಪದರ ಬಳಿಯುತ್ತದೆ, ಅದನ್ನೂ ಹೇಳಿ. 70ರ ವೇಗದಲ್ಲಿ ಹನಿ ಹಾರಿ ಹೋಗ್ತದೆ, ಚಂದವೇ. ಘಾಟಿಯಲ್ಲಿ ಟ್ಯಾಂಕರ್ ಹಿಂದೆ 20ರಲ್ಲಿ ಹೋಗುವಾಗ ಎದುರಿನ ಹೆಡ್‌ಲೈಟಿಗೆ ಗಾಜೆಲ್ಲ ಹಾಲು.

ಶಿರಾಡಿ ಪಯಣಿಗ:
ಎಲ್ಲರಿಗೂ ಥ್ಯಾಂಕ್ಸ್. ಕೊನೆಗೆ 16 ಇಂಚಿನದ್ದಕ್ಕಾದ್ರೂ ಅಗ್ಗದ್ದು ಸಾಕಾ? ಸದ್ಯಕ್ಕೆ ಅಂಚಿಗೆ ಸ್ಯಾಂಡ್‌ಪೇಪರ್ ಉಜ್ಜಿದ್ರೆ ಸರಿಹೋಗುತ್ತೆ ಅಂದ್ರು ಒಬ್ಬರು.

ಹತ್ತು-ಹನ್ನೆರಡು ಸ್ಪ್ಯಾನರ್:
ಸ್ಯಾಂಡ್‌ಪೇಪರ್ ಮುಟ್ಟಲೇಬೇಡಿ. ಉಳಿದಿರೋ ಗ್ರಾಫೈಟೂ ಹೋಗುತ್ತೆ, ಅಂಚು ದುಂಡಗಾಗುತ್ತೆ. ಸೀಮೆಎಣ್ಣೆ, ಪೆಟ್ರೋಲೂ ಬೇಡ, ರಬ್ಬರ್ ಊದಿಕೊಳ್ಳುತ್ತೆ. ಒದ್ದೆ ಬಟ್ಟೆಯಲ್ಲಿ ತುಟಿ ಒರೆಸಿ, ಸಾಕು. ಗಾಜನ್ನ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿ. ಅರ್ಧ ಮಬ್ಬು ಪಾಲಿಶಿನ ಜಿಡ್ಡಿಂದ ಬರೋದು. ವಾಷರ್ ಟ್ಯಾಂಕಿಗೆ ಒಂದು ರೂಪಾಯಿ ಶಾಂಪೂ ಸ್ಯಾಶೆ ಸುರಿಯೋ ಚಾಳಿ ಇದ್ರೆ ಅದನ್ನೂ ಬಿಡಿ.

ಫ್ಲಾಟ್ ಪಕ್ಷ:
ವಾಷರ್ ಟ್ಯಾಂಕಿಗೆ ಬೋರ್‌ವೆಲ್ ನೀರು ತುಂಬಿಸಿದ್ರೆ ನೀರು ಚಿಮ್ಮೋ ಜೆಟ್ ಕಟ್ಟಿಕೊಳ್ಳುತ್ತೆ, ಗಾಜಿಗೆ ಬಿಳಿ ಕಲೆ. ಮನೆ ಎ.ಸಿ. ನೀರು ಹಿಡಿದು ಬಟ್ಟೆಯಲ್ಲಿ ಸೋಸಿ ಹಾಕಿ. ಅದರಲ್ಲಿ ಸುಣ್ಣ ಇಲ್ಲ, ಖರ್ಚೂ ಇಲ್ಲ. ಮಿಕ್ಕಿದ್ದು ಇನ್ವರ್ಟರ್ ಬ್ಯಾಟರಿಗೆ.

ಹತ್ತು-ಹನ್ನೆರಡು ಸ್ಪ್ಯಾನರ್:
ಬ್ಯಾಟರಿಗಾ? ಎ.ಸಿ. ಕಾಯಿಲ್ ಮೇಲೆ ಹರಿದ ನೀರಲ್ಲಿ ತಾಮ್ರ, ಅಲ್ಯೂಮಿನಿಯಂ ಅಂಶ, ಮೇಲೆ ಮನೆ ಧೂಳು. ಸುಮ್ನಿದ್ದಾಗಲೂ ಚಾರ್ಜ್ ಇಳಿಯುತ್ತೆ, ಪ್ಲೇಟ್ ಹಾಳು. ವಾಷರಿಗೆ ಹಾಕಿ, ಬ್ಯಾಟರಿ ವಿಷ್ಯ ಗೊತ್ತಿಲ್ದೆ ಹೇಳಬೇಡಿ.

ಫ್ಲಾಟ್ ಪಕ್ಷ:
ಗೊತ್ತಿಲ್ದೆ ಅಂದ್ರೆ? ನಿಮ್ಮ 6 ಮಿ.ಮೀ. ರಬ್ಬರ್ ಅಷ್ಟೇ ಗೊತ್ತಿರೋದು ನಿಮಗೆ.

ಕಲಬುರಗಿ ಬಿಸಲ:
ಬ್ಯಾಟರಿಗಿ ಬ್ಯಾರೆ ಎಳಿ ಹಾಕ್ರಿ ಯಪ್ಪಾ. ಆ 16 ಇಂಚಿಂದೂ ಅದೇ ಕಂಪನೀದ ತಗೋರಿ. ಎಡಗಡೆ ರಸ್ತೆ ಕಾಣೂದು ಅದೇ ಗಾಜಿನೊಳಗಿಂದ.